ಕಚೇರಿಗೂ ಮನೆಗೂ ಒಂದೇ ಫೋನ್: ಪೀಣ್ಯದ ಒಂದು ಪ್ರಕರಣ

ಪೀಣ್ಯ ಕೈಗಾರಿಕಾ ಪ್ರದೇಶದಲ್ಲಿ ಪಂಪಿನ ಬಿಡಿಭಾಗಗಳನ್ನು ತಯಾರಿಸುವ ಒಂದು ಮಧ್ಯಮ ಗಾತ್ರದ ಕಾರ್ಖಾನೆಯಿದೆ. ಅಲ್ಲಿನ ಖರೀದಿ ವಿಭಾಗವನ್ನು ನೋಡಿಕೊಳ್ಳುವವರು ನನ್ನ ಅತ್ತಿಗೆ. ಎರಕ ಹೊಯ್ಯುವ ಫೌಂಡ್ರಿಯವರು, ಟರ್ನಿಂಗ್ ಕೆಲಸ ಮಾಡಿಕೊಡುವ ಸಣ್ಣ ಶೆಡ್ಡುಗಳವರು, ಪ್ಲೇಟಿಂಗ್‌ನವರು, ಮಾಲು ತರುವ ಟೆಂಪೊ ಚಾಲಕರು ಎಲ್ಲರೂ ಅವರನ್ನು ಹುಡುಕುವುದು ಒಂದೇ ಮೊಬೈಲ್ ನಂಬರಿನಲ್ಲಿ. ಬ್ಯಾಂಕಿಗೆ, ಆಧಾರ್‌ಗೆ, ಅಡುಗೆ ಅನಿಲದ ಬುಕಿಂಗಿಗೆ, ಮಗನ ಕಾಲೇಜಿಗೆ, ನಮ್ಮ ತಂದೆಯವರ ರಕ್ತಪರೀಕ್ಷೆಯ ವರದಿ ಕಳಿಸುವ ಪ್ರಯೋಗಾಲಯಕ್ಕೆ ಕೊಟ್ಟಿರುವುದೂ ಅದೇ ನಂಬರು. ವರ್ಷಾನುಗಟ್ಟಲೆಯ ನೌಕರಿಯಲ್ಲಿ ಕಚೇರಿ ಮತ್ತು ಮನೆ ಆ ಫೋನಿನೊಳಗೆ ಬಿಡಿಸಲಾಗದಂತೆ ಹೆಣೆದುಕೊಂಡಿದ್ದವು. ಫೋಟೊಗಳನ್ನು ತೆರೆದರೆ ಬಿರುಕು ಬಿಟ್ಟ ಎರಕದ ಚಿತ್ರದ ಪಕ್ಕದಲ್ಲೇ ಗೌರಿ ಹಬ್ಬದ ಬಾಗಿನದ ಚಿತ್ರ.

2025ರ ಅಕ್ಟೋಬರಿನಲ್ಲಿ ಕಾರ್ಖಾನೆಯ ಆಡಳಿತ ಒಂದು ಸುತ್ತೋಲೆ ಹೊರಡಿಸಿತು. ಕಚೇರಿಯ ಇಮೇಲ್, ದರಪಟ್ಟಿ, ಡ್ರಾಯಿಂಗ್‌ಗಳನ್ನು ಮೊಬೈಲಿನಲ್ಲಿ ನೋಡಬೇಕಾದವರು ತಮ್ಮ ಫೋನನ್ನು ಸಾಧನ ನಿರ್ವಹಣೆಯ ತಂತ್ರಾಂಶದಲ್ಲಿ, ಎಂದರೆ ಸಂಸ್ಥೆ ದೂರದಿಂದಲೇ ಫೋನುಗಳ ಮೇಲೆ ಹತೋಟಿ ಇಡುವ ವ್ಯವಸ್ಥೆಯಲ್ಲಿ, ನೋಂದಾಯಿಸಬೇಕು. ಆಂಡ್ರಾಯ್ಡ್ 13ಕ್ಕಿಂತ ಹಳೆಯ ಆವೃತ್ತಿಯ ಫೋನುಗಳಿಗೆ ನೋಂದಣಿ ಇಲ್ಲ. ಹೊಸ ಫೋನ್ ಕೊಳ್ಳುವವರಿಗೆ ಸಂಸ್ಥೆ 20,000 ರೂಪಾಯಿ ಕೊಡುತ್ತದೆ, ಉಳಿದದ್ದು ಅವರವರ ಪಾಲು. ಅತ್ತಿಗೆಯ ಫೋನ್ ಆಂಡ್ರಾಯ್ಡ್ 11ರಲ್ಲಿ ನಿಂತುಹೋಗಿತ್ತು, ಭದ್ರತಾ ಅಪ್‌ಡೇಟ್‌ಗಳೂ ಬರುತ್ತಿರಲಿಲ್ಲ. ಆ ಮಟ್ಟಿಗೆ ಸುತ್ತೋಲೆ ನ್ಯಾಯವಾದದ್ದೇ. ಅಪ್‌ಡೇಟ್ ನಿಂತ ಫೋನಿನಲ್ಲಿ ಬ್ಯಾಂಕಿನ ವ್ಯವಹಾರವನ್ನೂ ಮಾಡಬಾರದು ಎಂದು ನಾನು ಅವರಿಗೆ ಹಿಂದೆಯೇ ಹೇಳಿದ್ದೆ.

ನಾನು ಕಂಪ್ಯೂಟರ್ ಜಾಲಗಳ ನಿರ್ವಹಣೆಯ ಕೆಲಸದಲ್ಲಿರುವವನು. ಆದ್ದರಿಂದ ಮನೆಯಲ್ಲಿ ಇಂಥ ಪ್ರಶ್ನೆ ಎದ್ದಾಗ ನನ್ನನ್ನು ಕರೆಯುತ್ತಾರೆ. ಈ ಪ್ರಕರಣವನ್ನು ವಿವರವಾಗಿ ಬರೆಯಲು ಕಾರಣವಿದೆ. ಕೆಲಸಕ್ಕೂ ಮನೆಗೂ ಆಗುವ ಫೋನ್ ಯಾವುದು ಎಂದು ಕೇಳುವವರಿಗೆ ಸಿಗುವ ಉತ್ತರವೆಲ್ಲ ಕ್ಯಾಮೆರಾ, ಬ್ಯಾಟರಿ, ಪ್ರೊಸೆಸರುಗಳ ಹೋಲಿಕೆ. ಅವರು ತೆರಬೇಕಾದ ನಿಜವಾದ ಬೆಲೆ ಆ ಹೋಲಿಕೆಯ ಪಟ್ಟಿಯಲ್ಲಿ ಎಲ್ಲಿಯೂ ಕಾಣಿಸುವುದಿಲ್ಲ.

ಮೂರು ದಾರಿಗಳು

ಪಿಯುಸಿ ಓದುತ್ತಿರುವ ಮಗನ ಪಟ್ಟು ಐಫೋನಿಗೆ. ಅವನ ವಾದ ಹುಡುಗಾಟದ್ದಾಗಿರಲಿಲ್ಲ. "ಚಿಕ್ಕಪ್ಪ, 2018ರ ಐಫೋನ್ ಎಕ್ಸ್‌ಎಸ್‌ಗೆ 2024ರಲ್ಲಿಯೂ ಐಓಎಸ್ 18 ಎಂಬ ಹೊಸ ತಂತ್ರಾಂಶ ಬಂತು. ಅಮ್ಮ ಫೋನ್ ಬದಲಿಸುವವರಲ್ಲ. ಅವರಿಗೆ ಬಾಳಿಕೆ ಬರುವುದೇ ಬೇಕು" ಎಂದ. 2024ರ ಸೆಪ್ಟೆಂಬರಿನಲ್ಲಿ 79,900 ರೂಪಾಯಿಗೆ ಬಿಡುಗಡೆಯಾಗಿದ್ದ ಐಫೋನ್ 16, ಮರುವರ್ಷ ಐಫೋನ್ 17 ಬಂದ ಮೇಲೆ 69,900ಕ್ಕೆ ಇಳಿದಿತ್ತು. ಅದು 128 ಜಿಬಿ ಸಂಗ್ರಹದ ಮಾದರಿಯ ಬೆಲೆ. 2025ರ ಸೆಪ್ಟೆಂಬರಿನಲ್ಲಷ್ಟೇ ಹೆಬ್ಬಾಳದಲ್ಲಿ ತೆರೆದಿದ್ದ ಆ್ಯಪಲ್ ಮಳಿಗೆಗೆ ತಾಯಿಯನ್ನು ಕರೆದುಕೊಂಡು ಹೋಗಿ ಫೋನನ್ನು ಕೈಯಲ್ಲಿ ಹಿಡಿಸಿಯೂ ಬಂದಿದ್ದ. ಭಾರತದಲ್ಲಿ ಮೊಟ್ಟಮೊದಲು ಐಫೋನ್ ಜೋಡಣೆಯಾದದ್ದು 2017ರಲ್ಲಿ, ಅವರ ಪೀಣ್ಯದಲ್ಲೇ ಇದ್ದ ವಿಸ್ಟ್ರಾನ್ ಘಟಕದಲ್ಲಿ ಎಂಬುದನ್ನೂ ಸೇರಿಸಿ ಹೇಳಿದ. ಆ ಸಂಗತಿ ಅತ್ತಿಗೆಗೆ ಹಿಡಿಸಿತು.

ಅಣ್ಣನ ಒಲವು ಸ್ಯಾಮ್‌ಸಂಗ್ ಗ್ಯಾಲಕ್ಸಿ ಎ56ರ ಕಡೆಗೆ. 2025ರ ಮಾರ್ಚಿನಲ್ಲಿ ಬಂದ ಫೋನ್. 8 ಜಿಬಿ ರ‍್ಯಾಮ್, 256 ಜಿಬಿ ಸಂಗ್ರಹದ ಮಾದರಿಗೆ ಬಿಡುಗಡೆಯ ಬೆಲೆ 44,999 ರೂಪಾಯಿ. ಇದಕ್ಕೆ ಆರು ವರ್ಷ ಭದ್ರತಾ ಅಪ್‌ಡೇಟ್ ಕೊಡುವುದಾಗಿ ಕಂಪನಿಯೇ ಹೇಳಿದೆ, ಎಂದರೆ 2031ರ ತನಕ. ಆಂಡ್ರಾಯ್ಡ್ ಫೋನ್ ಎರಡು ವರ್ಷಕ್ಕೆ ಮುಗಿಯಿತು ಎನ್ನುವ ಮಾತು ಈಗ ಎಲ್ಲ ಫೋನುಗಳಿಗೂ ಹೊಂದುವುದಿಲ್ಲ. 2023ರಲ್ಲಿ ಗೂಗಲ್ ಪಿಕ್ಸೆಲ್ 8ಕ್ಕೆ, 2024ರ ಆರಂಭದಲ್ಲಿ ಸ್ಯಾಮ್‌ಸಂಗ್ ಎಸ್24ಕ್ಕೆ ಏಳು ವರ್ಷದ ಭರವಸೆ ಸಿಕ್ಕ ಮೇಲೆ ಮಧ್ಯಮ ದರದ ಫೋನುಗಳಿಗೂ ಅವಧಿ ಉದ್ದವಾಗಿದೆ. ಮಗನ ಬಾಳಿಕೆಯ ವಾದ ಸರಿಯಾಗಿದ್ದರೂ ಅದು ಐಫೋನಿಗೆ ಮಾತ್ರ ಅನ್ವಯಿಸುವ ವಾದವಾಗಿ ಉಳಿದಿರಲಿಲ್ಲ.

ಮೂರನೆಯ ದಾರಿ ಎರಡು ಫೋನ್. ಸಂಸ್ಥೆ ಕೊಡುವ ಹಣದಲ್ಲಿ ಕಚೇರಿಗೆಂದೇ ಒಂದು ಅಗ್ಗದ ಫೋನ್, ಮನೆಗೆ ಇನ್ನೊಂದು. ಬೇರ್ಪಡೆಯ ದೃಷ್ಟಿಯಿಂದ ಇದಕ್ಕಿಂತ ಶುದ್ಧವಾದ ದಾರಿಯಿಲ್ಲ ಎಂದು ನಾನು ಮೊದಲು ಇದನ್ನೇ ಮುಂದಿಟ್ಟೆ. ಅತ್ತಿಗೆ ಒಪ್ಪಲಿಲ್ಲ. ವಿಜಯನಗರದಲ್ಲಿ ಮೆಟ್ರೊ ಹತ್ತಿ, ಮೆಜೆಸ್ಟಿಕ್ಕಿನಲ್ಲಿ ನೇರಳೆ ಮಾರ್ಗದಿಂದ ಹಸಿರು ಮಾರ್ಗಕ್ಕೆ ಬದಲಿಸಿ, ಪೀಣ್ಯ ಇಂಡಸ್ಟ್ರಿ ನಿಲ್ದಾಣದಲ್ಲಿ ಇಳಿಯುವವರು ಅವರು. "ಊಟದ ಡಬ್ಬಿ, ನೀರಿನ ಬಾಟಲಿ, ಕೊಡೆ, ಅದರ ಜೊತೆಗೆ ಎರಡು ಫೋನ್. ಮೆಜೆಸ್ಟಿಕ್ಕಿನ ನೂಕುನುಗ್ಗಲಿನಲ್ಲಿ ಯಾವುದು ರಿಂಗಾಯಿತು ಎಂದು ಬ್ಯಾಗಿನೊಳಗೆ ಕೈಯಾಡಿಸುತ್ತಾ ನಿಲ್ಲುವುದು ನನ್ನಿಂದ ಆಗುವುದಿಲ್ಲ" ಎಂದರು. ಉಪಯೋಗಿಸುವವರಿಗೆ ಒಗ್ಗದ ಏರ್ಪಾಡು ತಾಂತ್ರಿಕವಾಗಿ ಎಷ್ಟು ಸರಿಯಿದ್ದರೂ ತಿಂಗಳೊಳಗೆ ಮುರಿದುಬೀಳುತ್ತದೆ. ಆ ದಾರಿಯನ್ನು ಅಲ್ಲಿಗೇ ಬಿಟ್ಟೆವು.

ಒಪ್ಪಿಗೆ ಪತ್ರದ ಒಂದು ಸಾಲು

ಸುತ್ತೋಲೆಯ ಜೊತೆಗೆ ಸಹಿ ಹಾಕಬೇಕಾದ ಒಪ್ಪಿಗೆ ಪತ್ರವೊಂದಿತ್ತು. ವಿಭಾಗದಲ್ಲಿ ಹಲವರು ಓದದೆಯೇ ಸಹಿ ಹಾಕಿ ಕೊಟ್ಟಿದ್ದರು. ಖರೀದಿ ಕರಾರುಗಳ ಸಣ್ಣ ಅಕ್ಷರಗಳನ್ನು ಓದಿ ಅಭ್ಯಾಸವಿರುವ ಅತ್ತಿಗೆ ಓದಿದರು. ನೋಂದಾಯಿತ ಸಾಧನದಲ್ಲಿರುವ ಎಲ್ಲ ದತ್ತಾಂಶವನ್ನು ಪೂರ್ವಸೂಚನೆಯಿಲ್ಲದೆ ಅಳಿಸಿಹಾಕುವ ಹಕ್ಕು ಸಂಸ್ಥೆಗಿರುತ್ತದೆ ಎಂಬ ಸಾಲು ಅದರಲ್ಲಿತ್ತು.

"ಎಲ್ಲ ಎಂದರೆ ಮಾವನವರ ವರದಿಗಳೂ ಸೇರಿದವೇ?" ಎಂದು ಕೇಳಿದರು.

ಸೇರುತ್ತವೆಯೋ ಇಲ್ಲವೋ ಎಂಬುದು ಫೋನನ್ನು ಯಾವ ಬಗೆಯಲ್ಲಿ ನೋಂದಾಯಿಸುತ್ತಾರೆ ಎಂಬುದರ ಮೇಲೆ ನಿಂತಿದೆ. ನನ್ನ ಮಟ್ಟಿಗೆ ಇಡೀ ಪ್ರಕರಣದ ತಿರುಳು ಇದೇ.

ಆಂಡ್ರಾಯ್ಡ್‌ನಲ್ಲಿ 2014ರ 5.0 ಆವೃತ್ತಿಯಿಂದ ವರ್ಕ್ ಪ್ರೊಫೈಲ್ ಎಂಬ ಏರ್ಪಾಡಿದೆ. ನೌಕರರ ಸ್ವಂತ ಫೋನಿನೊಳಗೆ ಕಚೇರಿಗೆಂದೇ ಪ್ರತ್ಯೇಕ ಭಾಗವೊಂದು ತಯಾರಾಗುತ್ತದೆ. ಒಂದೇ ವಠಾರದಲ್ಲಿ ಬೇರೆ ಬೇರೆ ಬಾಗಿಲು, ಬೇರೆ ಬೇರೆ ಬೀಗ ಇರುವ ಎರಡು ಮನೆಗಳ ಹಾಗೆ. ಕಚೇರಿಯ ಆ್ಯಪ್‌ಗಳ ಮೇಲೆ ಪುಟ್ಟ ಸೂಟ್‌ಕೇಸಿನ ಗುರುತು ಇರುತ್ತದೆ. ಅವುಗಳ ಕಡತ, ಸಂಪರ್ಕಗಳು, ಫೋಟೊಗಳು ಬೇರೆಯೇ ಕೀಲಿಯಿಂದ ಗೂಢಲಿಪೀಕರಣಗೊಂಡು ಪ್ರತ್ಯೇಕವಾಗಿರುತ್ತವೆ. ಫೋನ್ ನೌಕರರದೇ ಆಗಿದ್ದರೆ ಸಂಸ್ಥೆಯ ನಿರ್ವಾಹಕರಿಗೆ ಸ್ವಂತ ಭಾಗದ ಫೋಟೊ, ಸಂದೇಶಗಳು ಕಾಣಿಸುವುದಿಲ್ಲ. ಅಳಿಸುವ ಆಜ್ಞೆ ಕೊಟ್ಟರೂ ಕಚೇರಿಯ ಭಾಗ ಮಾತ್ರ ಅಳಿಯುತ್ತದೆ. ಹಾಗೆಂದು ಸಂಸ್ಥೆಗೆ ಏನೂ ತಿಳಿಯದು ಎಂದಲ್ಲ. ಫೋನಿನ ಮಾದರಿ, ಆವೃತ್ತಿ, ಕಚೇರಿ ಆ್ಯಪ್‌ಗಳ ಬಳಕೆ ಅವರಿಗೆ ಗೊತ್ತಾಗುತ್ತದೆ. ಇಡೀ ಫೋನಿಗೆ ಗಟ್ಟಿಯಾದ ಪಾಸ್‌ವರ್ಡ್ ಇರಬೇಕೆಂದು ವಿಧಿಸಲೂ ಬಹುದು. ಅದರಲ್ಲಿ ತಕರಾರಿಗೆ ಕಾರಣವಿಲ್ಲ.

ಐಫೋನಿನಲ್ಲಿಯೂ ಇಂಥದ್ದು ಉಂಟು. 2019ರ ಐಓಎಸ್ 13ರಲ್ಲಿ ಬಂದ ಬಳಕೆದಾರ ನೋಂದಣಿ ಎಂಬ ವಿಧಾನದಲ್ಲಿ ಕಚೇರಿಯ ದತ್ತಾಂಶ ಬೇರೆ ವಿಭಾಗದಲ್ಲಿ ಕೂರುತ್ತದೆ, ಸಂಸ್ಥೆ ಇಡೀ ಫೋನನ್ನು ಅಳಿಸಲಾರದು. ಆದರೆ ಅದಕ್ಕೆ ಸಂಸ್ಥೆಯು ಪ್ರತಿ ನೌಕರರಿಗೂ ತನ್ನ ಹತೋಟಿಯ ಆ್ಯಪಲ್ ಖಾತೆಯೊಂದನ್ನು ತೆರೆದುಕೊಡಬೇಕು. ನಾನು ಅತ್ತಿಗೆಯ ಮೂಲಕ ಕಾರ್ಖಾನೆಯ ಗುತ್ತಿಗೆ ತಂತ್ರಜ್ಞರನ್ನು ಕೇಳಿಸಿದೆ. ಅಂಥ ಖಾತೆಗಳನ್ನು ಅವರು ಇನ್ನೂ ಸಿದ್ಧಪಡಿಸಿರಲಿಲ್ಲ. ಐಫೋನ್ ತಂದರೆ ಇಡೀ ಸಾಧನವನ್ನು ನೋಂದಾಯಿಸುತ್ತೇವೆ ಎಂದರು. ಆ ವಿಧಾನದಲ್ಲಿ ದೂರದಿಂದಲೇ ಫೋನನ್ನು ಪೂರ್ತಿಯಾಗಿ ಅಳಿಸಲು ಸಾಧ್ಯ. ಒಪ್ಪಿಗೆ ಪತ್ರದ ಆ ಸಾಲು ಬಂದದ್ದು ಅಲ್ಲಿಂದ.

ಇದನ್ನು ಐಫೋನಿನ ಕೊರತೆ ಎಂದು ಬರೆಯುವುದು ಅನ್ಯಾಯ. ಹೊರವರ್ತುಲ ರಸ್ತೆಯ ದೊಡ್ಡ ತಂತ್ರಾಂಶ ಕಂಪನಿಯೊಂದರಲ್ಲಿ ಈ ಪ್ರಶ್ನೆ ಎದ್ದಿದ್ದರೆ ಸಿದ್ಧತೆ ಬೇರೆ ಇರುತ್ತಿತ್ತು, ನನ್ನ ಸಲಹೆಯೂ ಬೇರೆಯಾಗುತ್ತಿತ್ತು. ಇಲ್ಲಿ ಎರಡೂ ಫೋನುಗಳಿಗೆ ಸಾಮರ್ಥ್ಯವಿತ್ತು, ಆದರೆ ಆಂಡ್ರಾಯ್ಡ್ ಫೋನನ್ನು ವರ್ಕ್ ಪ್ರೊಫೈಲಿನಲ್ಲಿ ನೋಂದಾಯಿಸುವ ತಯಾರಿ ಮಾತ್ರ ಈ ಕಚೇರಿಗಿತ್ತು. ಮಗನಿಗೆ ಇದನ್ನು ಬಿಡಿಸಿ ಹೇಳಿದಾಗ ಅವನು ಮುನಿಸಿಕೊಳ್ಳಲಿಲ್ಲ. "ಹಾಗಾದರೆ ಕಚೇರಿಯವರೇ ಖಾತೆ ಮಾಡಿಕೊಡಲಿ" ಎಂದ. ನ್ಯಾಯವಾದ ಮಾತು. ಆದರೆ ನೋಂದಣಿಗೆ ಗಡುವಿತ್ತು.

ಬಿಲ್ ಯಾರ ಹೆಸರಿಗೆ

ನಡುವೆ ಲೆಕ್ಕಪತ್ರ ವಿಭಾಗದವರೊಬ್ಬರು ಒಂದು ಸಲಹೆ ಕೊಟ್ಟರು. ಬಿಲ್ಲನ್ನು ಕಾರ್ಖಾನೆಯ ಜಿಎಸ್‌ಟಿ ಸಂಖ್ಯೆಗೆ ಮಾಡಿಸಿದರೆ ಸಂಸ್ಥೆ ಹೂಡುವಳಿ ತೆರಿಗೆಯನ್ನು, ಎಂದರೆ ಖರೀದಿಯಲ್ಲಿ ಕಟ್ಟಿದ ಜಿಎಸ್‌ಟಿಯನ್ನು, ಹಿಂಪಡೆಯಬಹುದು, ಅಷ್ಟನ್ನು ನಿಮ್ಮ ಪಾಲಿನಲ್ಲಿ ಕಡಿಮೆ ಮಾಡಿಕೊಳ್ಳೋಣ ಎಂದರು. ಮೊಬೈಲ್ ಫೋನಿಗೆ 2020ರ ಏಪ್ರಿಲಿನಿಂದ ಜಿಎಸ್‌ಟಿ ಶೇಕಡ 18. 44,999 ರೂಪಾಯಿಯಲ್ಲಿ ತೆರಿಗೆಯೇ ಸುಮಾರು 6,860 ರೂಪಾಯಿ. ಅಣ್ಣನಿಗೆ ಇದು ತಕ್ಷಣ ಹಿಡಿಸಿತು.

ನಾನು ಬಲವಾಗಿ ಬೇಡವೆಂದೆ. ಬಿಲ್ ಸಂಸ್ಥೆಯ ಹೆಸರಿನಲ್ಲಿದ್ದು ಸಂಸ್ಥೆ ಅದರ ತೆರಿಗೆಯನ್ನೂ ಹಿಂಪಡೆದರೆ ಫೋನ್ ಸಂಸ್ಥೆಯ ಆಸ್ತಿ. ಕೆಲಸ ಬಿಟ್ಟ ದಿನ ಅದನ್ನು ಮೇಜಿನ ಮೇಲಿಟ್ಟು ಬರಬೇಕಾಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಸಂಸ್ಥೆಯದೇ ಫೋನ್ ಎಂದು ನೋಂದಾಯಿಸಿದರೆ ವರ್ಕ್ ಪ್ರೊಫೈಲ್ ಇದ್ದರೂ ನಿರ್ವಾಹಕರಿಗೆ ಇಡೀ ಫೋನನ್ನು ಅಳಿಸುವ ಅಧಿಕಾರ ಬರುತ್ತದೆ. ನಾವು ಯಾವುದನ್ನು ತಪ್ಪಿಸಲು ಇಷ್ಟೆಲ್ಲ ಓದುತ್ತಿದ್ದೆವೋ ಅದನ್ನು ಆರೇಳು ಸಾವಿರಕ್ಕೆ ನಾವೇ ಬಿಟ್ಟುಕೊಟ್ಟಂತಾಗುತ್ತಿತ್ತು. ಅತ್ತಿಗೆ ತಮ್ಮ ಹೆಸರಿಗೇ ಬಿಲ್ ಮಾಡಿಸಿ, ಸಂಸ್ಥೆಯ 20,000 ರೂಪಾಯಿಯನ್ನು ಖರ್ಚಿನ ಮರುಪಾವತಿ ಎಂದು ಪಡೆದರು.

ಹೀಗೆ ಆಯ್ಕೆ ಎ56ಕ್ಕೆ ಬಂದು ನಿಂತಿತು. ಕಳೆದುಕೊಂಡದ್ದು ಇಲ್ಲವೆಂದಲ್ಲ. ಐಫೋನ್ 16ರ ತೂಕ 170 ಗ್ರಾಂ, ಎ56ರದ್ದು 198 ಗ್ರಾಂ. ಅತ್ತಿಗೆಯ ಕೈಗೆ ಈ ವ್ಯತ್ಯಾಸ ಈಗಲೂ ತಿಳಿಯುತ್ತದೆ. ವೇಗದಲ್ಲಿ, ವಿಡಿಯೊ ಗುಣದಲ್ಲಿ ಐಫೋನ್ ಮೇಲು. ಮುಂದೆ ಮಾರುವಾಗ ಸಿಗುವ ಬೆಲೆಯಲ್ಲಿಯೂ ಅದೇ ಮೇಲು. ಕನ್ನಡದ ಕೀಲಿಮಣೆ ಐಫೋನಿನಲ್ಲಿ 2017ರ ಐಓಎಸ್ 11ರಿಂದ ಇದೆ, ಆದ್ದರಿಂದ ಭಾಷೆಯ ವಿಚಾರದಲ್ಲಿ ಯಾವುದನ್ನೂ ತಳ್ಳಿಹಾಕುವ ಅಗತ್ಯ ಬರಲಿಲ್ಲ. ಟೆಂಪೊ ಚಾಲಕರಿಗೆ ಕನ್ನಡದಲ್ಲಿ ಮಾತಾಡಿಯೇ ಸಂದೇಶ ಬರೆಯಿಸುವ ರೂಢಿ ಅತ್ತಿಗೆಗೆ ಗೂಗಲ್ ಕೀಲಿಮಣೆಯಲ್ಲಿ ಕುದುರಿತ್ತು, ಅದು ಹಾಗೆಯೇ ಮುಂದುವರಿಯಿತು. 5,000 ಎಂಎಎಚ್ ಬ್ಯಾಟರಿಯ ಲಾಭವೂ ಇದೆ. ಮೆಟ್ರೊದ ಕ್ಯೂಆರ್ ಟಿಕೆಟನ್ನು ಇಳಿಯುವ ಗೇಟಿನಲ್ಲಿಯೂ ತೋರಿಸಬೇಕು, ಸಂಜೆ ವಿಜಯನಗರದಲ್ಲಿ ಇಳಿಯುವ ಹೊತ್ತಿಗೆ ಫೋನ್ ಆರಿಹೋಗಿರಬಾರದು.

ಎರಡನೆಯ ನಂಬರು

ಫೋನ್ ತಂದಷ್ಟಕ್ಕೆ ಕಚೇರಿ ಮತ್ತು ಮನೆ ಬೇರೆಯಾಗಲಿಲ್ಲ. ಹೆಣೆದುಕೊಂಡಿದ್ದುದು ನಂಬರಿನಲ್ಲಿ. ಹಳೆಯ ನಂಬರನ್ನು ಕಚೇರಿಗೆ ಬಿಟ್ಟು ಮನೆಗೆ ಹೊಸದನ್ನು ತೆಗೆದುಕೊಳ್ಳಿ ಎಂದು ಸಹೋದ್ಯೋಗಿಗಳು ಹೇಳಿದ್ದರು, ಮಾಲು ಕೊಡುವವರಿಗೆ ತೊಂದರೆಯಾಗಬಾರದು ಎಂಬುದು ಅವರ ಕಾಳಜಿ. ಇದು ತಲೆಕೆಳಗಾದ ಏರ್ಪಾಡು. ಬ್ಯಾಂಕು, ಆಧಾರ್, ಯುಪಿಐ ಎಲ್ಲವೂ ಹಳೆಯ ನಂಬರಿಗೆ ಕಟ್ಟಿಕೊಂಡಿವೆ. ಅವುಗಳನ್ನು ಬದಲಿಸಲು ಕಚೇರಿಯಿಂದ ಕಚೇರಿಗೆ ಅಲೆಯಬೇಕು. ಮಾಲು ಕೊಡುವವರಿಗೆ ಹೊಸ ನಂಬರು ಬರೆದುಕೊಳ್ಳಲು ಒಂದು ನಿಮಿಷ ಸಾಕು. ಹಳೆಯದು ಮನೆಗೇ ಉಳಿಯಿತು. ಕಚೇರಿಗೆಂದು ಹೊಸ ನಂಬರನ್ನು ಇ-ಸಿಮ್ ರೂಪದಲ್ಲಿ, ಎಂದರೆ ಕಾರ್ಡಿಲ್ಲದೆ ಫೋನಿನೊಳಗೇ ಕೂರುವ ಸಿಮ್ಮಾಗಿ, ಪಡೆದರು, ಅದರ ತಿಂಗಳ ಶುಲ್ಕ ಸಂಸ್ಥೆಯದು.

ವರ್ಕ್ ಪ್ರೊಫೈಲಿನೊಳಗೆ ವಾಟ್ಸ್ಆ್ಯಪ್ ಬಿಸಿನೆಸ್ ಹಾಕಿಸಿ ಹೊಸ ನಂಬರಿಗೆ ಜೋಡಿಸಿದೆವು. ಫೌಂಡ್ರಿಯವರು ಕಳಿಸುವ ಚಿತ್ರ, ಡೆಲಿವರಿ ಚಲನ್, ದರದ ಚೌಕಾಸಿ ಎಲ್ಲವೂ ಇನ್ನು ಮುಂದೆ ಆ ಭಾಗದಲ್ಲಿ. ಮನೆಯ ವಾಟ್ಸ್ಆ್ಯಪ್ ಹಳೆಯ ನಂಬರಿನಲ್ಲಿ, ಸ್ವಂತ ಭಾಗದಲ್ಲಿ. ಕಚೇರಿ ಭಾಗದ ಬ್ಯಾಕಪ್ಪನ್ನು ತಂತ್ರಜ್ಞರು ನಿಲ್ಲಿಸಿಟ್ಟಿದ್ದಾರೆ. ಫೋನ್ ಕಳೆದರೆ ಆ ಮಾತುಕತೆಗಳೂ ಹೋಗುತ್ತವೆ. ಹಾಗಾಗಿ ದರ ಒಪ್ಪಿಕೊಂಡ ಸಂದೇಶಗಳನ್ನು ಅತ್ತಿಗೆ ಆಗಿಂದಾಗ್ಗೆ ಕಚೇರಿಯ ಇಮೇಲಿಗೆ ದಾಟಿಸುತ್ತಾರೆ.

ಬದಲಾವಣೆಯ ದಿನಕ್ಕೆ ಶನಿವಾರವನ್ನು ಆರಿಸಿದ್ದೆವು. ಹೊಸ ಫೋನಿನಲ್ಲಿ ಯುಪಿಐ ಮರುನೋಂದಣಿ ಮಾಡಿದರೆ ಮೊದಲ 24 ಗಂಟೆ ಒಟ್ಟು 5,000 ರೂಪಾಯಿಯ ಮಿತಿ ಇರುತ್ತದೆ. ಮಗನ ಟ್ಯೂಷನ್ ಶುಲ್ಕವನ್ನು ಹಿಂದಿನ ದಿನವೇ ಕಟ್ಟಿಸಿದೆ. ಹಳೆಯ ವಾಟ್ಸ್ಆ್ಯಪ್ ಬ್ಯಾಕಪ್ ಗೂಗಲ್ ಖಾತೆಯಿಂದ ಇಳಿದುಬಂತು. ಆ ಬ್ಯಾಕಪ್ ಈಗ ಗೂಗಲ್ ಉಚಿತವಾಗಿ ಕೊಡುವ 15 ಜಿಬಿಯ ಲೆಕ್ಕಕ್ಕೆ ಸೇರುತ್ತದೆ, ವಿಡಿಯೊಗಳನ್ನು ಬಿಟ್ಟು ಉಳಿದದ್ದನ್ನಷ್ಟೇ ಉಳಿಸಿಕೊಂಡೆವು. ಕೊನೆಯಲ್ಲಿ *#06# ಒತ್ತಿ ಬಂದ, ಫೋನಿನ ಗುರುತಾದ ಐಎಂಇಐ ಸಂಖ್ಯೆಯನ್ನು ಬಿಲ್ಲಿನ ಹಿಂದೆ ಬರೆದು ಬೀರುವಿನಲ್ಲಿಟ್ಟೆ. ಫೋನ್ ಕಳೆದು ಪೊಲೀಸ್ ದೂರು ಕೊಟ್ಟ ಮೇಲೆ ಕೇಂದ್ರ ಸರ್ಕಾರದ ಸಂಚಾರ್ ಸಾಥಿ ಜಾಲತಾಣದಲ್ಲಿ ಅದನ್ನು ನಿರ್ಬಂಧಿಸಲು ಆ ಸಂಖ್ಯೆ ಬೇಕಾಗುತ್ತದೆ.

ಆಮೇಲೆ ಆದದ್ದು

ಸಂಜೆ ಮನೆಗೆ ಬಂದ ಮೇಲೆ ಅತ್ತಿಗೆ ವರ್ಕ್ ಪ್ರೊಫೈಲನ್ನು ತಡೆಹಿಡಿಯುತ್ತಾರೆ. ಕಚೇರಿಯ ಆ್ಯಪ್‌ಗಳೆಲ್ಲ ಬೂದುಬಣ್ಣಕ್ಕೆ ತಿರುಗಿ ಸುಮ್ಮನಾಗುತ್ತವೆ, ಇಮೇಲೂ ಇಲ್ಲ, ಫೌಂಡ್ರಿಯ ಸಂದೇಶವೂ ಇಲ್ಲ. ಆದರೆ ಇದು ಸಾಮಾನ್ಯ ಫೋನ್ ಕರೆಯನ್ನು ತಡೆಯುವುದಿಲ್ಲ, ಏಕೆಂದರೆ ಕರೆ ಬರುವುದು ಸಿಮ್‌ಗೆ. ಮೊದಮೊದಲು ರಾತ್ರಿ ಒಂಬತ್ತಕ್ಕೂ ಹೊಸ ನಂಬರು ರಿಂಗಾಗುತ್ತಿತ್ತು. ಈಗ ಅವರು ಸಿಮ್ ನಿರ್ವಹಣೆಗೆ ಹೋಗಿ ಇ-ಸಿಮ್ಮನ್ನೂ ಆಫ್ ಮಾಡುತ್ತಾರೆ. ಎರಡು ಕಡೆ ಒತ್ತಬೇಕಾದ ಈ ಕೆಲಸ ಒಂದೇ ಗುಂಡಿಯಲ್ಲಿ ಆಗಬೇಕಿತ್ತು ಎಂದು ನನಗೆ ಅನಿಸುತ್ತದೆ.

ಮಾಲು ಕೊಡುವವರನ್ನು ಹೊಸ ನಂಬರಿಗೆ ದಾಟಿಸುವುದೇ ಎಲ್ಲಕ್ಕಿಂತ ನಿಧಾನದ ಕೆಲಸವಾಯಿತು. ವಾಟ್ಸ್ಆ್ಯಪ್‌ನಲ್ಲಿ ನಂಬರು ಬದಲಿಸುವ ಸೌಲಭ್ಯವಿದೆ, ಆದರೆ ಅದು ಇಡೀ ಖಾತೆಯನ್ನೇ ಸ್ಥಳಾಂತರಿಸುತ್ತದೆ. ಇಲ್ಲಿ ಖಾತೆ ಹಳೆಯ ನಂಬರಿನಲ್ಲಿಯೇ ಉಳಿಯಬೇಕಿತ್ತು. ಆದ್ದರಿಂದ ಅತ್ತಿಗೆ ಒಬ್ಬೊಬ್ಬರಿಗೂ ತಾವೇ ತಿಳಿಸಿದರು. ಪರ್ಚೇಸ್ ಆರ್ಡರಿನ ತಲೆಬರಹದಲ್ಲಿ ನಂಬರು ಬದಲಿಸಿದ್ದು ಎಲ್ಲಕ್ಕಿಂತ ಹೆಚ್ಚು ಕೆಲಸ ಮಾಡಿತು. ಪ್ಲೇಟಿಂಗ್ ಘಟಕದ ಹಿರಿಯರೊಬ್ಬರು ಇಂದಿಗೂ ಹಳೆಯ ನಂಬರಿಗೇ ಚಿತ್ರ ಕಳಿಸುತ್ತಾರೆ. ಅತ್ತಿಗೆ ಅದನ್ನು ಕಚೇರಿಯ ನಂಬರಿಗೆ ರವಾನಿಸಿ, "ಯಜಮಾನರೇ, ದಯವಿಟ್ಟು ಇಲ್ಲಿಗೆ ಕಳಿಸಿ" ಎಂದು ಅಲ್ಲಿಂದಲೇ ಉತ್ತರಿಸುತ್ತಾರೆ.

ನನಗೆ ತುಂಬ ಸಂತೋಷ ಕೊಟ್ಟದ್ದು ಫೋನಿನ ಹೊರಗೆ ನಡೆದ ಸಂಗತಿ. ಅತ್ತಿಗೆ ಒಪ್ಪಿಗೆ ಪತ್ರಕ್ಕೆ ಹಾಗೆಯೇ ಸಹಿ ಹಾಕಲಿಲ್ಲ. ವರ್ಕ್ ಪ್ರೊಫೈಲಿನ ವಿಧಾನದಲ್ಲಿ ಸ್ವಂತ ದತ್ತಾಂಶವನ್ನು ಅಳಿಸಲು ಸಂಸ್ಥೆಗೆ ಸಾಧ್ಯವೇ ಇಲ್ಲದಿರುವಾಗ ಆ ಹಕ್ಕನ್ನು ಬರೆಸಿಕೊಳ್ಳುವುದೇಕೆ ಎಂದು ವಿನಯದಿಂದ ಬರೆದು ಕೇಳಿದರು. ಆಡಳಿತ ವಿಭಾಗದವರು ಸ್ವಲ್ಪ ಎಳೆದಾಡಿದರು. ಆಮೇಲೆ ತಂತ್ರಜ್ಞರೇ ಅತ್ತಿಗೆಯ ಮಾತು ಸರಿ ಎಂದದ್ದರಿಂದ ಸಾಲನ್ನು ತಿದ್ದಿದರು. ಈಗ ಅದರಲ್ಲಿ ಅಳಿಸುವ ಹಕ್ಕು ಸಾಧನದ ಕಚೇರಿ ಭಾಗಕ್ಕೆ ಸೀಮಿತ ಎಂದಿದೆ. ಮೊದಲೇ ಸಹಿ ಹಾಕಿದ್ದವರಿಗೂ ಹೊಸ ಪ್ರತಿ ಬಂತು. ಐಫೋನ್ ಇರುವ ಇಬ್ಬರು ಸಹೋದ್ಯೋಗಿಗಳಿಗಾಗಿ ಆ್ಯಪಲ್ ಖಾತೆಗಳನ್ನು ಸಿದ್ಧಪಡಿಸುವ ಕೆಲಸವೂ ಶುರುವಾಗಿದೆ, ಅಲ್ಲಿಯ ತನಕ ಅವರು ಕಚೇರಿಯ ಇಮೇಲನ್ನು ಕಂಪ್ಯೂಟರಿನಲ್ಲಿ ಮಾತ್ರ ನೋಡುತ್ತಾರೆ.

ಒಂದು ವಿಷಯ ಇನ್ನೂ ಬಾಕಿಯಿದೆ. 2031ರ ತನಕ ಅಪ್‌ಡೇಟ್ ಬಂದರೂ ಲಿಥಿಯಂ ಬ್ಯಾಟರಿ ಅಷ್ಟು ವರ್ಷ ಅದೇ ಕಸುವಿನಲ್ಲಿ ಇರುವುದಿಲ್ಲ, ನಡುವೆ ಒಮ್ಮೆಯಾದರೂ ಬದಲಿಸಬೇಕಾಗುತ್ತದೆ. ದಿನದ ಅರ್ಧಕ್ಕಿಂತ ಹೆಚ್ಚು ಕಾಲ ಈ ಫೋನ್ ಕಾರ್ಖಾನೆಯ ಕೆಲಸಕ್ಕೇ ಸವೆಯುತ್ತದೆ. ಆ ಖರ್ಚಿನಲ್ಲಿ ಸಂಸ್ಥೆಯ ಪಾಲೆಷ್ಟು ಎಂದು ಅತ್ತಿಗೆ ಬರೆದು ಕೇಳಿದ್ದಾರೆ. ಉತ್ತರ ಇನ್ನೂ ಬಂದಿಲ್ಲ.